ಮಳೆ ತೆಗೆದ ಮೇಲಿನ ಬಿಡುವು

ಆಶ್ವಯುಜ ಮಾಸದ ಹೊತ್ತಿಗೆ ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯ ಎರಡೂ ಬದಿ ವರ್ಷದ ಬೇರಾವ ಕಾಲದಲ್ಲೂ ಕಾಣದಷ್ಟು ಹಸಿರಾಗಿರುತ್ತದೆ. ಮಳೆಗೆ ತೊಳೆದು ನಿಂತ ಬಂಡೆಗುಡ್ಡಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದರೆ, ವಿಜಯನಗರದ ಅರಸರ ಕಾಲದಿಂದ ಹರಿದುಬಂದ ಕಾಲುವೆಗಳು ತುಂಬಿಕೊಂಡಿರುತ್ತವೆ. ಬತ್ತದ ಪೈರು ಹೊಡೆ ಹಿರಿಯುವ ಹಂತಕ್ಕೆ ಬಂದಿರುತ್ತದೆ, ಬಾಳೆಯ ತೋಟಗಳ ನಡುವೆ ಕಬ್ಬು ಆಳೆತ್ತರ ಬೆಳೆದಿರುತ್ತದೆ. ಇದೇ ರಸ್ತೆಯ ಮೇಲಿರುವ ಕಡ್ಡಿರಾಂಪುರದಲ್ಲಿ ನಸುಕು ಹರಿಯುವ ಮೊದಲೇ ಆಟೊಗಳು ಹಂಪಿಯ ಕಡೆಗೂ ಶಾಲೆಯ ವಾಹನಗಳು ಹೊಸಪೇಟೆಯ ಕಡೆಗೂ ಹೊರಡುತ್ತವೆ, ರಾತ್ರಿ ಪಾಳಿ ಮುಗಿಸಿದವರ ಬೈಕುಗಳು ಊರೊಳಗೆ ಬರುತ್ತವೆ.

ಹೊಲ ಒಂದು ಕ್ಷಣ ಉಸಿರು ಬಿಡುವ ಕಾಲದಲ್ಲಿ ಮನೆಗಳು ಮಾತ್ರ ಉಸಿರು ಕಟ್ಟಿ ಓಡುವುದು ಇಂದಿನ ಸ್ಥಿತಿ. ಶರತ್ಕಾಲದಲ್ಲಿ ಕುಟುಂಬಗಳು ನಿಧಾನಗೊಂಡು ನೆಮ್ಮದಿ ಕಾಣುವುದು ಹೇಗೆ ಎಂಬ ಪ್ರಶ್ನೆಗೆ ಧ್ಯಾನ, ಪ್ರವಾಸ, ಮೊಬೈಲ್ ಉಪವಾಸ ಮುಂತಾದ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ಆದರೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಹಬ್ಬಗಳ ಕ್ರಮವನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ: ಇಲ್ಲಿ ಬಿಡುವೆಂಬುದು ಒಬ್ಬೊಬ್ಬರು ತಮಗೆ ತೋಚಿದಾಗ ತೆಗೆದುಕೊಳ್ಳುವ ರಜೆಯಾಗಿರಲಿಲ್ಲ, ಮನೆಯೂ ಕೇರಿಯೂ ಊರೂ ಒಂದೇ ಹೊತ್ತಿಗೆ ಕೆಲಸ ನಿಲ್ಲಿಸುವ ಏರ್ಪಾಡಾಗಿತ್ತು.

ಎಲೆ ಉದುರದ ಋತು

ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಸೇರಿ ಶರದೃತು ಎನಿಸುತ್ತವೆ. ಇಂಗ್ಲಿಷ್ ತಿಂಗಳುಗಳ ಲೆಕ್ಕದಲ್ಲಿ ಇದು ಸುಮಾರಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಕಾಲ. ಯುರೋಪಿನಲ್ಲಿ ಈ ಅವಧಿಯಲ್ಲಿ ಕತ್ತಲೆಯೇ ಜನರನ್ನು ಮನೆಯೊಳಗೆ ಕೂರಿಸುತ್ತದೆ. ಲಂಡನ್ನಿನಲ್ಲಿ ಸೆಪ್ಟೆಂಬರ್ ಕೊನೆಗೆ ಸುಮಾರು 12 ಗಂಟೆಯಷ್ಟಿರುವ ಹಗಲು ನವೆಂಬರ್ ನಡುವಿಗೆ 9 ಗಂಟೆಗಿಂತಲೂ ಕಡಿಮೆಯಾಗುತ್ತದೆ. ಹೊಸಪೇಟೆಯಲ್ಲಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸಂಜೆ 6 ಗಂಟೆ 20 ನಿಮಿಷದ ಸುಮಾರಿಗೆ ಮುಳುಗುವ ಸೂರ್ಯ ನವೆಂಬರ್ ನಡುವಿನಲ್ಲಿ 5 ಗಂಟೆ 50ರ ಸುಮಾರಿಗೆ ಮುಳುಗುತ್ತಾನೆ. ವ್ಯತ್ಯಾಸ ಅರ್ಧ ಗಂಟೆಯದು ಮಾತ್ರ.

ಆದ್ದರಿಂದ ಇಲ್ಲಿ ಋತುವಿನ ಲಯವನ್ನು ತೀರ್ಮಾನಿಸುವುದು ಬೆಳಕಿಗಿಂತ ಹೆಚ್ಚಾಗಿ ನೀರು. ನೈರುತ್ಯ ಮಾರುತ ಅಕ್ಟೋಬರ್ ನಡುವಿನ ಹೊತ್ತಿಗೆ ಹಿಂದೆ ಸರಿಯುತ್ತದೆ. ರೈತರು ಮಳೆಯನ್ನು ಗುರುತಿಸುವ ನಕ್ಷತ್ರಗಳ ಲೆಕ್ಕದಲ್ಲಿ ಹಸ್ತ, ಚಿತ್ತ, ಸ್ವಾತಿ, ವಿಶಾಖ ಮಳೆಗಳು ಒಂದರ ಹಿಂದೊಂದು ಬಂದುಹೋಗುವ ಈ ಅವಧಿಯಲ್ಲಿ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮತ್ತು ಕಡಲೆಯ ಬಿತ್ತನೆ ನಡೆಯುತ್ತದೆ. ಆದರೆ ನೀರಾವರಿಯ ಗದ್ದೆಗಳಲ್ಲಿ ನಾಟಿ, ಕಳೆಯ ದುಡಿಮೆ ಮುಗಿದು ಕೊಯ್ಲಿನ ದುಡಿಮೆ ಇನ್ನೂ ಆರಂಭವಾಗಿರುವುದಿಲ್ಲ. ಎರಡು ದೊಡ್ಡ ದುಡಿಮೆಗಳ ನಡುವೆ ಸಿಕ್ಕುವ ಈ ಸಣ್ಣ ಎಡೆಯೊಳಗೇ ವರ್ಷದ ಹಲವು ದೊಡ್ಡ ಹಬ್ಬಗಳು ಸೇರಿಕೊಂಡಿರುವುದು ಆಕಸ್ಮಿಕವಲ್ಲ.

ದೇಹಕ್ಕೂ ಇದು ಹೊಂದಿಕೊಳ್ಳುವ ಕಾಲವೆಂದು ಆಯುರ್ವೇದ ಭಾವಿಸುತ್ತದೆ. ಚರಕಸಂಹಿತೆಯ ಋತುಚರ್ಯೆಯ ಭಾಗದಲ್ಲಿ, ಅಂದರೆ ಆಯಾ ಋತುವಿಗೆ ತಕ್ಕ ಆಹಾರ ವಿಹಾರಗಳನ್ನು ಹೇಳುವ ಅಧ್ಯಾಯದಲ್ಲಿ, ಮಳೆಗಾಲದಲ್ಲಿ ಸಂಗ್ರಹಗೊಂಡ ಪಿತ್ತ ಶರತ್ತಿನ ದಿಢೀರ್ ಬಿಸಿಲಿಗೆ ಕೆರಳುತ್ತದೆಂಬ ವಿವರಣೆಯಿದೆ. ಅದಕ್ಕೆ ಪರಿಹಾರವಾಗಿ ಲಘುವಾದ, ತಂಪಾದ ಆಹಾರದ ಜೊತೆಗೆ ಮುಸ್ಸಂಜೆಯ ಬೆಳದಿಂಗಳನ್ನೂ ಸೂಚಿಸಲಾಗಿದೆ. ಪಿತ್ತದ ಸಿದ್ಧಾಂತವನ್ನು ಆಧುನಿಕ ವೈದ್ಯಶಾಸ್ತ್ರ ಅದೇ ರೂಪದಲ್ಲಿ ಒಪ್ಪದಿದ್ದರೂ, ಮಳೆ ನಿಂತ ಮೇಲಿನ ಸೆಕೆಯನ್ನು ಬಲ್ಲ ಯಾರಿಗೂ ಸಂಜೆ ಅಂಗಳದಲ್ಲಿ ಕೂರಬೇಕೆಂಬ ಸಲಹೆ ವಿಚಿತ್ರವೆನಿಸುವುದಿಲ್ಲ.

ಆಯುಧಗಳಿಗೂ ರಜೆ

ಹಂಪಿಯಲ್ಲಿ ಇಂದಿಗೂ ನಿಂತಿರುವ ಮಹಾನವಮಿ ದಿಬ್ಬ ಈ ಋತುವಿನ ಹಳೆಯ ಸಾಕ್ಷಿ. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್, ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಅನಂತರ ಬಂದ ಫೆರ್ನಾವೊ ನ್ಯೂನಿಜ್ ಈ ಮೂವರೂ ರಾಜಧಾನಿಯ ಮಹಾನವಮಿ ಉತ್ಸವವನ್ನು ಬಣ್ಣಿಸಿದ್ದಾರೆ. ಆನೆ ಕುದುರೆಗಳ ಮೆರವಣಿಗೆ, ಕುಸ್ತಿ, ನೃತ್ಯ, ಬಾಣಬಿರುಸುಗಳ ಜೊತೆಗೆ ನಾಯಕರು ಅರಸನಿಗೆ ಕಪ್ಪ ಒಪ್ಪಿಸುವ ಕಾಲವೂ ಇದೇ ಆಗಿತ್ತು. ಮಳೆ ನಿಂತು ದಾರಿಗಳು ಒಣಗಿ ದಂಡಯಾತ್ರೆ ಶುರುವಾಗುವ ಮೊದಲು ಸಾಮ್ರಾಜ್ಯವೇ ಒಂದೆಡೆ ಸೇರುತ್ತಿತ್ತು.

ಅರಮನೆಯ ಉತ್ಸವ 1565ರ ಯುದ್ಧದ ನಂತರ ಹಂಪಿಯಿಂದ ಮರೆಯಾದರೂ ಮನೆಗಳ ಹಬ್ಬ ಉಳಿಯಿತು. ಜನರ ಬಾಯಲ್ಲಿ ಮಾರ್ನಮಿ ಎನಿಸಿಕೊಳ್ಳುವ ಈ ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣಬಣ್ಣವಾಗುತ್ತದೆ, ಹಾಸಿಗೆ ಹೊದಿಕೆಗಳೆಲ್ಲ ಕಾಲುವೆಯ ದಂಡೆ ಕಾಣುತ್ತವೆ. ಘಟಸ್ಥಾಪನೆಯ ದಿನ ಮಣ್ಣಿನಲ್ಲಿ ಬಿತ್ತಿದ ಧಾನ್ಯ ಒಂಬತ್ತು ದಿನಗಳಲ್ಲಿ ಸಸಿಯಾಗುವುದನ್ನು ಮಕ್ಕಳು ದಿನವೂ ನೋಡುತ್ತಾರೆ. ಹಲವು ಊರುಗಳ ಗುಡಿಗಳಲ್ಲಿ ಒಂಬತ್ತು ಸಂಜೆ ಚಿದಾನಂದಾವಧೂತರ ಶ್ರೀದೇವಿ ಪುರಾಣದ ಪಠಣ ನಡೆಯುತ್ತದೆ. ಒಬ್ಬರು ಪದ್ಯ ಓದಿ ಇನ್ನೊಬ್ಬರು ಅರ್ಥ ಹೇಳುವ ಈ ಪದ್ಧತಿಯಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಬಿಡುವಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು ಆಯುಧಪೂಜೆ. ನೇಗಿಲು, ಕುಡುಗೋಲು, ಹೊಲಿಗೆ ಯಂತ್ರ, ತಕ್ಕಡಿ, ಟ್ರ್ಯಾಕ್ಟರ್ ಯಾವುದೇ ಆಗಲಿ, ತೊಳೆದು ಕುಂಕುಮವಿಟ್ಟು ಪೂಜಿಸಿದ ಮೇಲೆ ಅದಕ್ಕೆ ಅಂದು ಕೆಲಸ ಹೇಳಬಾರದೆಂಬುದು ಹಳೆಯ ನಿಯಮ. ಸರಸ್ವತಿ ಪೂಜೆಗಿಟ್ಟ ಪುಸ್ತಕವನ್ನು ಮಕ್ಕಳು ಎತ್ತಿಕೊಳ್ಳುವುದು ಪೂಜೆ ಮುಗಿದ ಮೇಲೆ. ದುಡಿಯುವವನಿಗೆ ರಜೆ ಕೊಡಬೇಕಾದರೆ ಮೊದಲು ಅವನ ಸಲಕರಣೆಗೆ ರಜೆ ಕೊಡಬೇಕೆಂಬ ತಿಳಿವಳಿಕೆ ಈ ಆಚರಣೆಯೊಳಗಿದೆ.

ವಿಜಯದಶಮಿಯ ಸಂಜೆ ಹೊಸಪೇಟೆಯ ಕೇರಿಗಳ ದೇವತೆಗಳ ಪಲ್ಲಕ್ಕಿಗಳು ನಾಗೇನಹಳ್ಳಿ ಸಮೀಪದ ಧರ್ಮದಗುಡ್ಡಕ್ಕೆ ಬನ್ನಿ ಮುಡಿಯಲು ಹೋಗಿಬಂದ ಮೇಲೆ, ಮನೆಮನೆಗಳ ನಡುವೆ ಬನ್ನಿ ಸೊಪ್ಪಿನ ವಿನಿಮಯ ಶುರುವಾಗುತ್ತದೆ. ಕಿರಿಯರು ಹಿರಿಯರ ಕೈಗೆ ಎಲೆಯಿಟ್ಟು ಕಾಲಿಗೆರಗಿ, ಬನ್ನಿ ಕೊಟ್ಟು ಬಂಗಾರದಂಗಿರೋಣ ಎನ್ನುತ್ತಾರೆ. ವರ್ಷದಿಂದ ಮಾತು ಬಿಟ್ಟವರ ಮನೆಯ ಹೊಸ್ತಿಲು ತುಳಿಯಲು ಇದಕ್ಕಿಂತ ಒಳ್ಳೆಯ ನೆಪ ಬೇರೆ ಇಲ್ಲ.

ಬಸಿರಾದ ಭೂಮಿಗೆ ಬುತ್ತಿ

ದಸರೆಯಾದ ಐದನೆಯ ದಿನಕ್ಕೆ ಬರುವ ಶೀಗಿ ಹುಣ್ಣಿಮೆ ಈ ಭಾಗದ ಒಕ್ಕಲು ಮನೆಗಳಿಗೆ ಮನೆಯೇ ಹೊಲಕ್ಕೆ ಸ್ಥಳಾಂತರಗೊಳ್ಳುವ ದಿನ. ಕಾಳು ಕಟ್ಟುತ್ತಿರುವ ಪೈರನ್ನು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಆಕೆಯ ಬಯಕೆ ತೀರಿಸುವುದು ಈ ಹಬ್ಬದ ಆಶಯ. ಮಲೆನಾಡಿನಲ್ಲಿ ಇದೇ ದಿನ ಭೂಮಿ ಹುಣ್ಣಿಮೆ ಎಂಬ ಹೆಸರಿನಲ್ಲಿ ಆಚರಣೆಗೊಳ್ಳುತ್ತದೆ. ಇದೇ ಹುಣ್ಣಿಮೆ ವಾಲ್ಮೀಕಿ ಜಯಂತಿಯೂ ಆಗಿರುವುದರಿಂದ ನಾಯಕ ಸಮುದಾಯದ ಕೇರಿಗಳಲ್ಲಿ ಸಂಭ್ರಮ ಇಮ್ಮಡಿಯಾಗುತ್ತದೆ.

ಆಚರಣೆಯ ಕ್ರಮ ಸರಳವಾಗಿದ್ದರೂ ಪ್ರತಿ ಹೆಜ್ಜೆಗೂ ಸಮಯ ಬೇಡುತ್ತದೆ. ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೊಸರನ್ನದ ಬುತ್ತಿ ಕಟ್ಟಿಕೊಂಡು, ಹಿಂದೆ ಚಕ್ಕಡಿಯಲ್ಲಿ ಈಗ ಟ್ರ್ಯಾಕ್ಟರಿನಲ್ಲಿ, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಹೊಲ ಸೇರುತ್ತಾರೆ. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ಉಡಿ ತುಂಬುತ್ತಾರೆ. ಅನಂತರ ತಂದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಚರಗ ಚೆಲ್ಲುವುದು ಎಂದು ಕರೆಯುವ ಈ ನಡಿಗೆಯ ಪಾಲು ಹಕ್ಕಿಗೂ ಇರುವೆಗೂ ಸಲ್ಲುತ್ತದೆ. ಮನುಷ್ಯರ ಊಟ ಕೊನೆಯದು. ಬದುವಿನ ಮೇಲೆ ಕುಳಿತು ಪಕ್ಕದ ಹೊಲದವರನ್ನೂ ಕೂಗಿ ಕರೆದು ಉಣ್ಣುವ ಈ ಊಟಕ್ಕೆ ಗಡಿಯಾರದ ಹಂಗಿಲ್ಲ.

ಇಂದಿನ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಬೇಕೆಂದು ಹೇಳುವ ಹಲವು ಸಂಗತಿಗಳು, ಅಂದರೆ ಹೊರಗಿನ ಬೆಳಕು, ನಡಿಗೆ, ಮಣ್ಣಿನ ಒಡನಾಟ, ಹಿರಿಯರೊಡನೆ ಮಾತು, ಪರದೆಯಿಲ್ಲದ ಊಟ, ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಇಲ್ಲಿ ಕೂಡಿಬರುತ್ತವೆ.

ದೀಪಾವಳಿಯಲ್ಲಿಯೂ ಇದೇ ಬಗೆಯ ಸಾವಧಾನದ ಕೆಲಸಗಳಿವೆ. ಸಗಣಿಯಲ್ಲಿ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ ಹೊಸ್ತಿಲ ಬಳಿ ಇಡುವುದು ಅವುಗಳಲ್ಲೊಂದು. ಸಂಡೂರು, ಹೊಸಪೇಟೆ ಭಾಗದ ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಾರೈಕೆ ಹಾಡುತ್ತಾರೆ, ಮರುದಿನ ಗುಂಪಾಗಿ ಹೂ ತರಲು ಹೋಗುತ್ತಾರೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಆರತಿ ಬೆಳಗುವುದರೊಂದಿಗೆ ಋತುವಿನ ದೊಡ್ಡ ಹಬ್ಬಗಳು ಮುಗಿಯುತ್ತವೆ.

ಬಿಡುವುಗಳು ಚದುರಿದ ಬಗೆ

ಈ ಕ್ರಮ ಸಡಿಲಗೊಳ್ಳಲು ಜನರ ಉದಾಸೀನವೊಂದೇ ಕಾರಣವಲ್ಲ; ದುಡಿಮೆಯ ಸ್ವರೂಪವೇ ಬದಲಾಗಿದೆ. ಕಡ್ಡಿರಾಂಪುರ ಅದಕ್ಕೆ ಒಳ್ಳೆಯ ನಿದರ್ಶನ. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರ ಜುಲೈ ಕೊನೆಯಲ್ಲಿ ತೆರವುಗೊಳಿಸಿದಾಗ, ಅವರಿಗೆ ಪುನರ್ವಸತಿಗಾಗಿ ಗೊತ್ತುಮಾಡಿದ ಜಾಗ ಕಡ್ಡಿರಾಂಪುರದಲ್ಲಿತ್ತು. ಅಂಗಡಿಯ ಹಿಂದೆಯೇ ಮನೆಯಿದ್ದಾಗ ಗಿರಾಕಿಯಿಲ್ಲದ ಹೊತ್ತು ಮನೆಯ ಹೊತ್ತಾಗುತ್ತಿತ್ತು. ದುಡಿಮೆಯ ತಾಣ ದೂರವಾದ ಮೇಲೆ ಅಂಥ ಹೊತ್ತು ದಾರಿಯಲ್ಲಿ ಕಳೆಯುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಋತುಗಳ ತಿರುವುಮುರುವು. ಒಕ್ಕಲುತನಕ್ಕೆ ಬಿಡುವಿನ ಕಾಲವಾದ ಅಕ್ಟೋಬರ್ ಪ್ರವಾಸೋದ್ಯಮಕ್ಕೆ ಸುಗ್ಗಿಯ ಆರಂಭ. ಬೆಂಗಳೂರಿನ ಕುಟುಂಬ ದಸರಾ ರಜೆಯಲ್ಲಿ ನೆಮ್ಮದಿ ಅರಸಿ ಹಂಪಿಗೆ ಬಂದಾಗ ಆಟೊ ಓಡಿಸುವವರು, ಹೋಟೆಲಿನವರು, ಮಾರ್ಗದರ್ಶಿಗಳು, ಎಳನೀರು ಮಾರುವವರು ತಮ್ಮ ಮಕ್ಕಳ ಅದೇ ರಜೆಯಲ್ಲಿ ಮನೆಯಲ್ಲಿರುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕುಲುಮೆಗಳು ಹಬ್ಬವೆಂದು ಆರುವುದಿಲ್ಲ, ಸಂಡೂರಿನ ಗಣಿಗಳಲ್ಲಿಯೂ ದುಡಿಮೆ ಪಾಳಿಯ ಲೆಕ್ಕದ್ದು. ತಂದೆಯ ವಾರದ ರಜೆ ಮಂಗಳವಾರ, ಮಕ್ಕಳದು ಭಾನುವಾರ ಆಗಿರುವ ಮನೆಯಲ್ಲಿ ಎಲ್ಲರಿಗೂ ರಜೆಯಿದೆ, ಮನೆಗೆ ಮಾತ್ರ ಇಲ್ಲ.

ನೆಮ್ಮದಿಗೆ ಜೀವನೋಪಾಯದ ಭದ್ರತೆಯೂ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ಅದರ ಜಾಗಕ್ಕೆ ತಾತ್ಕಾಲಿಕ ತಡೆಗಳನ್ನು ಇಳಿಸುವವರೆಗಿನ ದಿನಗಳಲ್ಲಿ ಅಚ್ಚುಕಟ್ಟಿನ ಊರುಗಳು ಪಟ್ಟ ಆತಂಕಕ್ಕೆ ಯಾವ ಧ್ಯಾನವೂ ಮದ್ದಾಗುತ್ತಿರಲಿಲ್ಲ.

ಒಂದೇ ಹೊತ್ತಿನ ರಜೆಯ ಬೆಲೆ

ರಜೆಯ ಪ್ರಮಾಣಕ್ಕಿಂತ ರಜೆ ಒಟ್ಟಿಗೆ ಬರುವುದೇ ಮುಖ್ಯ ಎಂಬುದಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಸೋವಿಯತ್ ಒಕ್ಕೂಟ 1929ರಲ್ಲಿ ಕಾರ್ಖಾನೆಗಳು ಒಂದು ದಿನವೂ ನಿಲ್ಲಬಾರದೆಂದು ಐದು ದಿನಗಳ ವಾರವನ್ನು ಜಾರಿಗೆ ತಂದು, ಕಾರ್ಮಿಕರನ್ನು ಐದು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ದಿನ ರಜೆ ಕೊಟ್ಟಿತು. ನಾಲ್ಕು ದಿನ ದುಡಿದರೆ ಒಂದು ದಿನ ಬಿಡುವು ಸಿಗುತ್ತಿದ್ದುದರಿಂದ ವರ್ಷದ ರಜೆಗಳು ಮೊದಲಿಗಿಂತ ಹೆಚ್ಚಾದವು. ಆದರೂ ಗಂಡ ಹೆಂಡತಿಯ, ಮಕ್ಕಳ, ಗೆಳೆಯರ ರಜೆಗಳು ಕೂಡಿಬರದೆ ಅಸಮಾಧಾನ ಬೆಳೆಯಿತು. 1931ರಲ್ಲಿ ಎಲ್ಲರಿಗೂ ಸಮಾನ ರಜೆಯಿರುವ ಆರು ದಿನಗಳ ವಾರಕ್ಕೂ, 1940ರಲ್ಲಿ ಭಾನುವಾರವಿರುವ ಏಳು ದಿನಗಳ ವಾರಕ್ಕೂ ಸರ್ಕಾರ ಹೊರಳಬೇಕಾಯಿತು.

ಇತ್ತೀಚಿನ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಸ್ವೀಡನ್ನಿನ ಬಗ್ಗೆ ಟೆರಿ ಹಾರ್ಟಿಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಜನ ಒಂದೇ ಕಾಲಕ್ಕೆ ರಜೆಯಲ್ಲಿರುವಾಗ ಖಿನ್ನತೆಯ ಔಷಧಗಳ ವಿತರಣೆ ಕಡಿಮೆಯಾಗುವುದು ಕಂಡುಬಂತು. ಅಮೆರಿಕದಲ್ಲಿ ಕ್ರಿಸ್ಟೊಬಲ್ ಯಂಗ್ ಮತ್ತು ಚೆಯೂನ್ ಲಿಮ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು: ಕೆಲಸವೇ ಇಲ್ಲದ, ಅಂದರೆ ವಾರವಿಡೀ ಬಿಡುವಿರುವ ನಿರುದ್ಯೋಗಿಗಳ ಮನಸ್ಸೂ ವಾರಾಂತ್ಯದಲ್ಲೇ ಹಗುರಾಗುತ್ತಿತ್ತು, ಏಕೆಂದರೆ ಉಳಿದವರಿಗೆ ಬಿಡುವು ಸಿಗುತ್ತಿದ್ದುದು ಆಗಲೇ. ಒಬ್ಬರ ಬಿಡುವಿಗೆ ಬೆಲೆ ಬರುವುದು ಮತ್ತೊಬ್ಬರ ಬಿಡುವಿನಿಂದ.

ಅಡುಗೆಮನೆಗೂ ಬಿಡುವು

ಹಳೆಯ ಕ್ರಮವನ್ನು ಹೊಗಳುವಾಗ ಅದರ ಅನ್ಯಾಯವನ್ನು ಮರೆಯಲಾಗದು. ಊರೇ ನಿಂತ ದಿನವೂ ಒಲೆ ನಿಲ್ಲುತ್ತಿರಲಿಲ್ಲ. ಕೌದಿ ಒಗೆಯುವುದು, ಸಾರಿಸುವುದು, ಹೂರಣ ರುಬ್ಬುವುದು, ಬುತ್ತಿ ಕಟ್ಟುವುದು ಇವೆಲ್ಲ ಹೆಂಗಸರ ಪಾಲಾಗಿ, ಮನೆಯ ಉಳಿದವರ ನೆಮ್ಮದಿ ಅವರ ದಣಿವಿನ ಮೇಲೆ ನಿಂತಿತ್ತು, ಹಲವೆಡೆ ಇಂದಿಗೂ ನಿಂತಿದೆ. ಕೂಲಿಗೆ ಹೋಗುವ ಹೆಂಗಸಿಗಂತೂ ಶೇಂಗಾ ಕೀಳುವ, ಹತ್ತಿ ಬಿಡಿಸುವ ಕೆಲಸಗಳು ಇದೇ ತಿಂಗಳುಗಳಲ್ಲಿ ಬರುತ್ತವೆ.

ಆಯುಧಪೂಜೆಯ ನಿಯಮವನ್ನು ಅದರ ನಿಜವಾದ ಅರ್ಥದಲ್ಲಿ ಪಾಲಿಸುವುದಾದರೆ ಒಲೆಗೂ ಸೌಟಿಗೂ ರುಬ್ಬುವ ಯಂತ್ರಕ್ಕೂ ಅದು ಅನ್ವಯವಾಗಬೇಕು. ಹಬ್ಬದ ತಿನಿಸು ಐದರ ಬದಲು ಎರಡಾದರೆ, ಒಗೆಯುವ ಹೊತ್ತಿಗೆ ಗಂಡಸರೂ ಕಾಲುವೆಗಿಳಿದರೆ, ಹಬ್ಬದ ಮರುದಿನ ರೊಟ್ಟಿಯನ್ನು ಖಾನಾವಳಿಯಿಂದ ತಂದರೆ ಸಂಪ್ರದಾಯಕ್ಕೆ ಕೊರತೆಯಾಗುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು

ಮೊದಲ ಹೆಜ್ಜೆ ಬಿಡುವುಗಳನ್ನು ಕೂಡಿಸುವುದು. ದಿನಕ್ಕೊಂದು ಹೊತ್ತಿನ ಊಟ, ಅದೂ ಆಗದಿದ್ದರೆ ವಾರದಲ್ಲಿ ಎರಡು ಸಂಜೆ, ಎಲ್ಲರೂ ಇರುವ ಹೊತ್ತನ್ನು ಮೊದಲೇ ಗೊತ್ತುಮಾಡಿ ಉಳಿದ ಕೆಲಸಗಳನ್ನು ಅದರ ಸುತ್ತ ಹೊಂದಿಸುವುದು ಫಲಕಾರಿ. ರಾತ್ರಿ ಪಾಳಿಯವರಿದ್ದ ಮನೆಯಲ್ಲಿ ಆ ಹೊತ್ತು ಬೆಳಗಿನ ಉಪ್ಪಿಟ್ಟಿನದಾಗಬಹುದು.

ಎರಡನೆಯದು ಇಂದಿನ ಆಯುಧವಾದ ಮೊಬೈಲಿನ ವಿಷಯ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮವಿಟ್ಟು, ಮರುಗಳಿಗೆಯೇ ಅದರಿಂದ ಚಿತ್ರ ತೆಗೆದು ಹಂಚುವುದು ಈಗ ರೂಢಿ. ಪೂಜೆಗಿಟ್ಟ ನೇಗಿಲಿಗೆ ಸಲ್ಲುವ ಮರ್ಯಾದೆ ಅದಕ್ಕೂ ಸಲ್ಲಲಿ ಎಂದು ಆ ದಿನದ ಮಟ್ಟಿಗಾದರೂ ದೇವರ ಜಗುಲಿಯ ಮೇಲೆಯೇ ಬಿಟ್ಟರೆ ಮಕ್ಕಳಿಗೆ ಅದು ಶಿಕ್ಷೆಯೆನಿಸದೆ ಹಬ್ಬದ ಕಟ್ಟಳೆಯೆನಿಸುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಮೂರನೆಯದು ನಿದ್ರೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಶಿಫಾರಸು. ಕತ್ತಲಾದಾಗ ದೇಹದಲ್ಲಿ ಸ್ರವಿಸಿ ನಿದ್ರೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಪ್ರಖರ ಬೆಳಕು ತಡೆಯುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ದೀಪ ತಗ್ಗಿಸಿ ಅಂಗಳದಲ್ಲೋ ಮಾಳಿಗೆಯ ಮೇಲೋ ಬೆಳದಿಂಗಳ ಊಟ ಮಾಡುವುದು ಇದಕ್ಕೆ ಹೊಂದುವ ರೂಢಿ.

ನಾಲ್ಕನೆಯದು ಹೊರಗಿನ ತಿರುಗಾಟ. ಹಂಪಿಯೇ ದುಡಿಮೆಯ ತಾಣವಾದವರಿಗೆ ಹಂಪಿ ವಿಶ್ರಾಂತಿ ಕೊಡದು. ಅವರಿಗೆ ಕಾಲುವೆಯ ದಂಡೆಯ ನಡಿಗೆ ಅಥವಾ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ ಹೆಚ್ಚು ಹಿತವಾದೀತು. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ಪಟ್ಟಿಗೆ ಸೇರಿದ ಈ ಕೆರೆಗೆ ಶರತ್ತಿನ ಕೊನೆಗೆ ವಲಸೆ ಹಕ್ಕಿಗಳು ಬರತೊಡಗುತ್ತವೆ, ಮತ್ತು ಹಕ್ಕಿ ನೋಡುವ ಕೆಲಸಕ್ಕೆ ಸುಮ್ಮನೆ ಕೂರುವ ತಾಳ್ಮೆಯ ಹೊರತು ಖರ್ಚಿಲ್ಲ.

ಇಷ್ಟಾದರೂ ನಿದ್ರೆ ಬಾರದಿರುವುದು, ಸಿಡುಕು, ದುಗುಡ ವಾರಗಟ್ಟಲೆ ಮುಂದುವರಿದರೆ ಅದು ಹಬ್ಬದಿಂದ ತೀರುವ ತೊಂದರೆಯಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ಮನೆಯ ಹೊಸ್ತಿಲಾಚೆ

ಬಿಡುವುಗಳು ಕೂಡಿಬರುವುದು ಮನೆಯೊಂದರ ಕೈಯಲ್ಲಿಲ್ಲ. ಪಾಳಿ ಪಟ್ಟಿಯನ್ನು ತಿಂಗಳ ಮೊದಲೇ ಹೊರಡಿಸುವ ಕಾರ್ಖಾನೆ, ರಜೆಯಲ್ಲಿ ರಾಶಿ ಮನೆಗೆಲಸ ಹೊರಿಸದ ಶಾಲೆ, ದಸರೆಯ ಒಂದು ಸಂಜೆ ಸರದಿಯ ಮೇಲೆ ಮನೆಯಲ್ಲಿರಲು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುವ ಆಟೊ ಚಾಲಕರು, ಇವರೆಲ್ಲ ಸೇರಿದರೆ ಮಾತ್ರ ಹಿಂದೆ ಪಂಚಾಂಗವೊಂದೇ ಮಾಡುತ್ತಿದ್ದ ಕೆಲಸ ಇಂದು ನಡೆದೀತು. ಅಲ್ಲಿಯವರೆಗೆ ಮಾರ್ನಮಿ ಅಮಾವಾಸ್ಯೆಗೆ ಒಂದು ತಿಂಗಳು ಮುಂಚೆ ಪಂಚಾಂಗ, ಪಾಳಿ ಪಟ್ಟಿ, ಶಾಲೆಯ ರಜೆಪಟ್ಟಿ ಈ ಮೂರನ್ನೂ ಒಟ್ಟಿಗೆ ಹರಡಿಕೊಂಡು, ವಿಜಯದಶಮಿಯೋ ಶೀಗಿ ಹುಣ್ಣಿಮೆಯೋ ಗೌರಿ ಹುಣ್ಣಿಮೆಯೋ ಒಂದನ್ನಾದರೂ ಎಲ್ಲರ ಹೆಸರಿಗೂ ರಜೆಯೆಂದು ಗುರುತು ಹಾಕಿಕೊಳ್ಳುವುದು ಯಾವ ಮನೆಗೂ ಸಾಧ್ಯವಿರುವ ಕೆಲಸ.